ಪಡಸಾಲೆಯ ಬೈಕು

ಆ ಬೈಕು ನಮ್ಮ ಪಡಸಾಲೆಗೆ ಬಂದಾಗ ನನಗೆ ಐವತ್ತೇಳು ವರ್ಷ. ಅದಾಗಿ ಹನ್ನೊಂದು ವರ್ಷವಾಯಿತು. ಕೂಡಿಸಿಕೊಳ್ಳಿ, ಹೆಂಗಸಿನ ವಯಸ್ಸು ಕೇಳುವ ಮುಜುಗರ ನಿಮಗೆ ತಪ್ಪಿತು.

ಇವತ್ತು ದೀಪದ ಕಂಬ ಒರೆಸೋಣವೆಂದು ಹಳೆ ಸೀರೆಯ ತುಂಡು ಎಳೆದುಕೊಂಡರೆ ಅಂಚಿನಲ್ಲಿ ಒಂದು ತೂತು. ಸುತ್ತ ಕರಗಿ ಗಟ್ಟಿಯಾದ ನೈಲಾನು, ಮುಟ್ಟಿದರೆ ಬೆಲ್ಲದ ಅಂಟಿನಂತೆ ಒರಟು. ಮೂಸಿದೆ. ಎಷ್ಟು ಒಗೆತ ಕಂಡರೂ ಸುಟ್ಟ ವಾಸನೆ ಹೋಗಿಲ್ಲ. ಅದು ಸೈಲೆನ್ಸರ್ ಕಚ್ಚಿದ ಗುರುತು. ನಾನು ಎಮ್ಮೆ ಸಾಕಿದ್ದೇನೆ, ಅತ್ತೆಯನ್ನು ಸಾಕಿದ್ದೇನೆ. ಆ ಬೈಕನ್ನು ಸಾಕಿದಷ್ಟು ಕಷ್ಟ ಯಾವುದೂ ಕೊಟ್ಟಿಲ್ಲ.

ನಮ್ಮ ಯಜಮಾನರದು ಜಗಳೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿಕೊಡುವುದು. ಒಂದು ಸಲ ಚನ್ನಗಿರಿ ಕಡೆ ಮೋಟಾರು ಇಳಿಸಲು ಹೋದವರು ತೋಟದ ಮನೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಇದನ್ನು ಕಂಡರಂತೆ. ಮೇಲೆ ಕೋಳಿ ಕಾವು ಕೂತಿತ್ತಂತೆ. ಅದರ ಯಜಮಾನ ಎರಡು ಸಲ ಬಿದ್ದು, ಸೊಂಟ ಹಿಡಿಸಿಕೊಂಡು, ಮೂರನೇ ಸಲಕ್ಕೆ ಹೆಂಡತಿ ಕೀಲಿಕೈ ಬಚ್ಚಿಟ್ಟಿದ್ದಳು. ಬುದ್ಧಿವಂತೆ. ನಮ್ಮವರು ಹೋದದ್ದು ಬಸ್ಸಿನಲ್ಲಿ, ಬಂದದ್ದು ಇದರ ಮೇಲೆ.

ಬೀದಿಯ ತುದಿಯಲ್ಲಿರುವಾಗಲೇ ಸದ್ದು ಕೇಳಿತು. ರಾಗಿ ಬೀಸುವ ಕಲ್ಲಿಗೆ ಯಾರೋ ಬೆಣಚುಕಲ್ಲು ಹಾಕಿದಂತೆ.

"ಏನ್ರೀ ಇದು?"

"ವಿ-ಟ್ವಿನ್ ಕಣೆ. ನೋಡಿಲ್ಲಿ, ಎರಡು ಸಿಲಿಂಡರು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ."

ನೋಡಿದೆ. ಅವಳಿ ಮಕ್ಕಳು ಜಗಳವಾಡಿ ಆ ಕಡೆಗೊಬ್ಬ ಈ ಕಡೆಗೊಬ್ಬ ಮುಖ ತಿರುಗಿಸಿಕೊಂಡು ಕೂತಂತಿತ್ತು. ಹ್ಯಾಂಡಲು ಮೊಣಕಾಲಿನ ಹತ್ತಿರ. ಹಿಂದಿನ ಸೀಟು ತಲೆಯ ಮೇಲೆ, ನಮ್ಮ ಊಟದ ಮಣೆಯ ಅರ್ಧದಷ್ಟು. "ಇದರ ಮ್ಯಾಲೆ ನಾನೆಲ್ಲಿ ಕೂರ್ಲಿ? ನಿಮ್ಮ ಹೆಗಲ ಮ್ಯಾಲಾ?" ಎಂದೆ. ಅವರು ನಕ್ಕರು. ಐವತ್ತೊಂಬತ್ತು ತುಂಬಿದ ಗಂಡಸು ಹಾಗೆ ನಕ್ಕರೆ ಬೈಯಲು ಮನಸ್ಸು ಬರುವುದಿಲ್ಲ. ಆದರೂ ಬೈದೆ.

ಇಡುವುದೆಲ್ಲಿ ಎಂಬುದು ಮೊದಲ ಜಗಳ. ಅಂಗಡಿ ತುಂಬ ಸುಟ್ಟ ಮೋಟಾರು. ಹೊರಗೆ ಬಿಟ್ಟರೆ ಬೀದಿಯ ಮೇಕೆಗಳೆಲ್ಲ ಬಂದು ಮೈ ಉಜ್ಜುತ್ತವೆ. "ಪಡಸಾಲೆಯಾಗೆ ಇರ್ಲಿ" ಎಂದರು. ಅಂಗಳದಿಂದ ಹೊಸ್ತಿಲಿನವರೆಗೆ ಹಲಗೆ ಹಾಕಿ, ಗಾಡಿಯ ಮೇಲೆ ಕೂತು, ಎಂಜಿನ್ನಿನ ಬಲದಲ್ಲೇ ಹತ್ತಿಸಿದರು. ಈ ಜಾತಿಯ ಗಾಡಿಗೆ ಮೆಲ್ಲಗೆ ಹೋಗುವುದು ಬರುವುದಿಲ್ಲ ಎಂದು ಆಗ ನಮಗೆ ಗೊತ್ತಿರಲಿಲ್ಲ. ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ನೆಗೆಯಿತು. ನೆಗೆದದ್ದು ಅಡುಗೆಮನೆ ಬಾಗಿಲಿನಲ್ಲಿ ನಿಂತಿತು. ಜೋಳದ ಡಬ್ಬ ಚಪ್ಪಟೆ. ಯಜಮಾನರು ಜೋಳದ ಮೇಲೆ. ಚಕ್ರದ ಗುರುತು ನನ್ನ ಹೊಸ್ತಿಲಿನ ಮೇಲೆ, ಬೆಳಿಗ್ಗೆ ಹಚ್ಚಿದ್ದ ಅರಿಶಿನ ಕುಂಕುಮದ ಮೇಲೆ.

ನನಗೆ ಓದು ಬರಹ ಬಸ್ಸಿನ ಬೋರ್ಡಿನಷ್ಟು. ಆದರೆ ಹೊಸ್ತಿಲು ತುಳಿಯಬಾರದು ಎಂಬುದನ್ನು ಕಲಿಯಲು ಶಾಲೆ ಬೇಕಿಲ್ಲ. ಅಲ್ಲಿ ಲಕ್ಷ್ಮಿ ಇರುತ್ತಾಳೆ. ನಮ್ಮ ಮನೆಗೆ ಬಂದ ಎಂಥ ದೊಡ್ಡವರೂ ಅದನ್ನು ದಾಟಿ ಬರುತ್ತಾರೆ, ತುಳಿದು ಬರುವುದಿಲ್ಲ. ಅವತ್ತೇ ಎರಡು ಕಟ್ಟಳೆ ಹಾಕಿದೆ. ಒಂದು, ಎಂಜಿನ್ನು ಅಂಗಳದಲ್ಲೇ ಆರಿಸಬೇಕು, ಒಳಗೆ ನೂಕಿಯೇ ತರಬೇಕು. ಎರಡು, ಹಲಗೆ ಹೊಸ್ತಿಲಿಗೆ ತಾಗಬಾರದು. ಹೊಸ್ತಿಲಿನ ಈಚೆಗೂ ಆಚೆಗೂ ಇಟ್ಟಿಗೆ ನಿಲ್ಲಿಸಿ, ಅದರ ಮೇಲೆ ಹಲಗೆ ಇರಬೇಕು. ಚಕ್ರ ಲಕ್ಷ್ಮಿಯ ತಲೆಯ ಮೇಲೆ ಹಾದುಹೋದರೆ ಪರವಾಗಿಲ್ಲವೇ ಎಂದು ಅವರು ಕೇಳಿದರು. ತುಳಿಯದಿದ್ದರೆ ಪರವಾಗಿಲ್ಲ ಎಂದೆ.

ಇಟ್ಟಿಗೆ ಇಟ್ಟ ಮೇಲೆ ಹಲಗೆ ಇನ್ನೂ ಕಡಿದಾಯಿತು. ಅವರು ಸೊಂಟಕ್ಕೆ ಟವೆಲ್ಲು ಬಿಗಿದು, ಅಂಗಳದ ಆ ತುದಿಯಿಂದ ಹ್ಯಾಂಡಲು ಹಿಡಿದು ಓಡಿಬಂದು ಹತ್ತಿಸಿದರು. ಎದುರುಮನೆಯವರೆಲ್ಲ ನೋಡಿದರು. ಆ ಹುಮ್ಮಸ್ಸಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟರು: "ಒಬ್ನೇ ಹತ್ಸಾಕೆ ಆಗದ ದಿನ ಈ ಗಾಡಿ ಕೊಟ್ಟುಬಿಡ್ತೀನಿ. ಮಾತು ಅಂದ್ರೆ ಮಾತು."

ನನಗೆ ಖುಷಿಯಾಯಿತು. ಬೆನ್ನು ಎಷ್ಟು ದಿನ ತಡೆದೀತು, ಒಂದು ದೀವಳಿಗೆ, ಹೆಚ್ಚೆಂದರೆ ಎರಡು ಎಂದುಕೊಂಡೆ. ದಿನಾ ಸಂಜೆ ಜಗಲಿಯ ಮೇಲೆ ಮೊರ ಹಿಡಿದು ಕೂತು ಕಾಯುತ್ತಿದ್ದೆ. ದಿನಾ ಹತ್ತಿಸುತ್ತಿದ್ದರು.

ಕೂರುವ ಮಾತಿಗೆ ಬರೋಣ. ಸೀರೆ ಉಟ್ಟವಳು ಅದರ ಮೇಲೆ ಒಂದೇ ಕಡೆ ಕಾಲು ಹಾಕಿ ಕೂರುವಂತಿಲ್ಲ, ಎರಡು ಕಡೆ ಹಾಕುವಂತೆಯೂ ಇಲ್ಲ. ಯಜಮಾನರು ವೆಲ್ಡಿಂಗ್ ಅಂಗಡಿಗೆ ಹೋಗಿ ಕಬ್ಬಿಣದ ಸರಳು ಬಗ್ಗಿಸಿ ದಪ್ಪನೆಯ ಸೀರೆ ಗಾರ್ಡು ಹಾಕಿಸಿದರು. ಹಿಡಿದುಕೊಳ್ಳಲು ಹಿಂದೆ ಒಂದು ಅಡ್ಡಪಟ್ಟಿ. ಕಿಟಕಿಯ ಸರಳನ್ನು ಕಿತ್ತು ತಂದಂತಿತ್ತು. ಅದರ ಮೇಲೆ ಕೂತು ನ್ಯಾಮತಿಯ ನಮ್ಮಕ್ಕನ ಮನೆಗೆ ಹೊರಟ ದಿನವೇ ಸೀರೆಗೆ ಆ ತೂತು ಬಿದ್ದದ್ದು. ಹಿಂದಿನ ಸಿಲಿಂಡರು ಸರಿಯಾಗಿ ತೊಡೆಯ ಕೆಳಗೆ ಇರುತ್ತದೆ. ದಾವಣಗೆರೆಯ ಸಿಗ್ನಲ್ಲುಗಳಲ್ಲಿ ನಿಂತಾಗ ರೊಟ್ಟಿ ಹಂಚಿನ ಮೇಲೆ ಕೂತ ಹಾಗಿತ್ತು. "ಮಗ್ಗುಲು ಬದಲಾಯಿಸ್ಲೇನ್ರೀ, ಈ ಕಡೆ ಬೆಂದೈತೆ" ಎಂದು ಕೂಗಿದೆ. ಹೆಲ್ಮೆಟ್ಟಿನೊಳಗೆ ಅವರಿಗೆ ಕೇಳಲಿಲ್ಲ. ಪಕ್ಕದ ಆಟೋದವನಿಗೆ ಕೇಳಿತು.

ಹೊನ್ನಾಳಿಯಲ್ಲಿ ಹೊಳೆಯ ಸೇತುವೆಗೆ ಮುಂಚೆ ಚಹಾ ಕುಡಿಯಲು ನಿಂತೆವು. ಇದೇ ಜಾತಿಯ ಗಾಡಿಗಳು ನಾಲ್ಕೈದು ಅಲ್ಲಿದ್ದವು. ಅವುಗಳ ಒಡೆಯರು ಎಮ್ಮೆ ಚರ್ಮದಂಥ ಅಂಗಿ ತೊಟ್ಟು ಬೆವರುತ್ತಿದ್ದರು. ನಮ್ಮ ಸೀರೆ ಗಾರ್ಡು ನೋಡಿ ಒಬ್ಬನಿಗೆ ಚಹಾ ನೆತ್ತಿಗೇರಿತು. ಆಮೇಲೆ ಹತ್ತಿರ ಬಂದರು, ಮಾತು ಸುರುವಾಯಿತು. ಒಬ್ಬನದು ಬಿಸಿ ತಡೆಯುವುದಿಲ್ಲವಂತೆ. ಇನ್ನೊಬ್ಬನದು ಚೈನು ಪದೇಪದೇ ಸಡಿಲವಾಗುತ್ತದಂತೆ. ಮತ್ತೊಬ್ಬ ಒಂದು ರಬ್ಬರು ಬಳೆಗಾಗಿ ಮಳೆಗಾಲ ಪೂರಾ ಕಾದನಂತೆ. ಹೊನ್ನಾಳಿಯವರೇ ಆದ ಪರಮೇಶಿ ಎಂಬ ದಪ್ಪ ಮೀಸೆಯವರು, "ಮಣಿಕಟ್ಟು ಹೋದ್ವು ಯಕ್ಕಾ, ರಾತ್ರಿ ಅನ್ನ ಕಲಸಾಕೂ ಆಗಲ್ಲ" ಎಂದರು.

ಸೊಸೆಯನ್ನು ದೂರುವ ಹೆಂಗಸರ ಕಟ್ಟೆಯಲ್ಲಿ ಕೂತಂತಾಯಿತು ನನಗೆ.

"ಮತ್ತೆ ಮಾರಿಬಿಡ್ರಪ್ಪ" ಎಂದೆ.

ಎಲ್ಲರೂ ನಾನು ಕೆಟ್ಟ ಮಾತಾಡಿದಂತೆ ನೋಡಿದರು. ಪರಮೇಶಿ ಚಹಾದ ಲೋಟ ಕೆಳಗಿಟ್ಟು, "ಹಂಗನ್ನಬಾರದು ಯಕ್ಕಾ" ಎಂದರು. ದೂರುವುದು ಬೇರೆ, ಬಿಡುವುದು ಬೇರೆ. ಸೊಸೆಯಂದಿರ ವಿಷಯದಲ್ಲೂ ಹಾಗೆಯೇ.

ನಮ್ಮದಕ್ಕೂ ರೋಗಗಳಿದ್ದವು. ಅದರೊಳಗೆ ಬ್ಯಾಟರಿಗೆ ಕರೆಂಟು ಕೊಡುವ ಕಾಯಿಲ್ ಒಂದಿದೆ, ಬಿಸಿಗೆ ಸುಟ್ಟುಹೋಗುವುದೇ ಅದರ ಕಸುಬು. ಯಜಮಾನರು ಬಿಚ್ಚಿ ನೋಡಿ, "ಅಯ್ಯೋ, ಇದೂ ತಾಮ್ರದ ತಂತೀನೇ!" ಎಂದು ನೆಂಟರು ಸಿಕ್ಕವರಂತೆ ಕುಣಿದರು. ತಾವೇ ಸುತ್ತಿದರು. ಗಾಡಿ ಬಿಳಿಚೋಡು ಊರಿನವರೆಗೆ ಹೋಯಿತು. ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ವಾಪಸ್ಸು ಬಂತು, ಈರುಳ್ಳಿ ಚೀಲಗಳ ನಡುವೆ. ಎರಡನೇ ಸಲ ಸುತ್ತಿದ್ದು ಇವತ್ತಿಗೂ ಇದೆ.

ನನಗೂ ಅದರಿಂದ ಒಂದು ಉಪಕಾರವಾಯಿತು, ಸುಳ್ಳು ಯಾಕೆ ಹೇಳಲಿ. ಚಳಿಗಾಲದಲ್ಲಿ ನಮ್ಮ ಕಡೆ ಹಾಲು ಹೆಪ್ಪುಗಟ್ಟುವುದಿಲ್ಲ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಒಂದು ಸಂಜೆ ಹೆಪ್ಪು ಹಾಕಿದ ಚರಿಗೆಯನ್ನು ಆಗಷ್ಟೇ ಒಳಗೆ ಬಂದ ಎಂಜಿನ್ನಿನ ಪಕ್ಕದಲ್ಲಿಟ್ಟು ಗೋಣಿಚೀಲ ಮುಚ್ಚಿದೆ. ಬೆಳಿಗ್ಗೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು. ಯಜಮಾನರು, "ಲೇ, ಇದು ರೇಸಿಗೆ ಹೋಗೋ ಗಾಡಿ ಕಣೆ" ಎಂದು ಹಣೆ ಚಚ್ಚಿಕೊಂಡರು. ಊಟಕ್ಕೆ ಕೂತಾಗ ಎರಡು ಸಲ ಮೊಸರು ಹಾಕಿಸಿಕೊಂಡರು.

ವರ್ಷಗಳು ಹೋದವು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವರು ಓಡಿಬಂದರು, ಹಲಗೆಯ ನಡುವೆ ಗಾಡಿ ನಿಂತಿತು. ಅವರ ಮೀನಖಂಡ ಗಡಗಡ ನಡುಗುತ್ತಿತ್ತು. ನಾನು ಕಾಯುತ್ತಿದ್ದ ದಿನ ಬಂದಿತ್ತು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅದೇನಾಯಿತೋ, ಕಾಲು ತಾನೇ ಎದ್ದಿತು. ಹಿಂದಿನಿಂದ ಹೋಗಿ ಸೀರೆ ಗಾರ್ಡಿಗೆ ಕೈ ಕೊಟ್ಟು ಒಂದು ನೂಕು ನೂಕಿದೆ. ಅವರು ತಿರುಗುವಷ್ಟರಲ್ಲಿ ಮತ್ತೆ ಅವರೆಕಾಯಿ ಮುಂದಿದ್ದೆ.

"ನೋಡ್ದ್ಯಾ? ರಟ್ಟೆಯಾಗೆ ಇನ್ನೂ ಕಸುವೈತೆ."

"ಹೂಂ ಕಣ್ರೀ, ಐತೆ."

ಅವತ್ತಿನಿಂದ ಅದೇ ರೂಢಿಯಾಯಿತು. ಅವರು ಮುಂದೆ ಎಳೆಯುವುದು, ನಾನು ಹಿಂದೆ ನೂಕಿ ಓಡಿ ಬಂದು ಕೂರುವುದು. ಯಾಕೆ ನೂಕಿದೆ ಎಂದು ನೀವು ಕೇಳಿದರೆ, ಮೊಸರಿಗಾಗಿ ಎಂದಿಟ್ಟುಕೊಳ್ಳಿ.

ಈಗ ಹೋದ ತಿಂಗಳ ಮಾತು. ಹೊನ್ನಾಳಿಯ ಪರಮೇಶಿ ನಮ್ಮ ಮನೆಗೆ ಬಂದರು. ಅವರ ಗಾಡಿಯ ಎಂಜಿನ್ನು ಒಳಗೇ ಮುರಿದು ಹಾಳಾಗಿತ್ತು, ಅದಕ್ಕೆ ಬೇಕಾದ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ನಮ್ಮವರ ಮಾತು ಹೇಗೋ ಹೊಳೆ ದಾಟಿ ಅವರ ಕಿವಿ ಮುಟ್ಟಿತ್ತು.

"ಅಣ್ಣಾರು ಹತ್ಸಾಕೆ ಆಗದ ದಿನ ಕೊಡ್ತಾರಂತಲ್ಲ ಯಕ್ಕಾ. ವಯಸ್ಸಾತು ನೋಡ್ರಿ. ನಂಗೆ ಕೊಟ್ರೆ ಇದರ ಎಂಜಿನ್ ಬಿಚ್ಚಿ ನಂದಕ್ಕೆ ಹಾಕ್ಕಂತೀನಿ."

"ಉಳಿದದ್ದು?"

"ಉಳಿದದ್ದು ಇನ್ನೇನು, ಗುಜರಿ."

ನೀರು ಕೊಟ್ಟೆ. ಕುಡಿದು, ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಗಟ್ಟಿಯಾಗಿ ಕೂತರು. ಇವರ ಕಣ್ಣೆದುರು ನಾನು ಎದ್ದು ನೂಕುವುದು ಹೇಗೆ? ಯಜಮಾನರು ಬಿಳಿಚೋಡಿಗೆ ಹೋಗಿದ್ದರು. ಇವತ್ತು ಬರದೇ ಅಲ್ಲೇ ಉಳಿಯಲಿ ಎಂದು ನಾನು ಬೇಡಿಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು.

ಬಂದರು. ಎಂಜಿನ್ನು ಆರಿಸಿದರು. ಪರಮೇಶಿಯನ್ನು ನೋಡಿದರು, ನನ್ನನ್ನು ನೋಡಿದರು, ಹಲಗೆ ನೋಡಿದರು. ಎಲ್ಲ ಅರ್ಥವಾಯಿತು. ಟವೆಲ್ಲು ಸೊಂಟಕ್ಕೆ ಬಿಗಿದು ಓಡಿಬಂದರು. ಮುಂದಿನ ಚಕ್ರ ಇಟ್ಟಿಗೆಯ ತನಕ ಬಂತು. ನಿಂತಿತು. ಮೆಲ್ಲಗೆ ಹಿಂದಕ್ಕೆ ಜಾರಿತು. ಇನ್ನೊಂದು ಸಲ ಓಡಿಬಂದರು. ಅಷ್ಟೂ ಬರಲಿಲ್ಲ.

"ಆತು ಬಿಡ್ರಿ ಅಣ್ಣಾರೆ" ಎಂದರು ಪರಮೇಶಿ, ಮೆತ್ತಗೆ. ಕೆಟ್ಟ ಮನುಷ್ಯನಲ್ಲ. "ಮಾತು ಅಂದ್ರೆ ಮಾತು."

"ಹೌದಪ್ಪ. ಆಡಿದ್ದೀನಿ" ಎಂದು ನಮ್ಮವರು ಕೀಲಿಕೈಯನ್ನು ಗಾಡಿಯಿಂದ ತೆಗೆದರು. ಅದಕ್ಕೆ ಕಟ್ಟಿದ್ದ ಹಳೆ ನೂಲಿನ ಕುಚ್ಚು ಬಿಚ್ಚುತ್ತಾ ನಿಂತರು. ಗಂಟು ಬಿಚ್ಚಿಕೊಳ್ಳಲಿಲ್ಲ.

ನಾನು ಮೊರ ಕೆಳಗಿಟ್ಟೆ. ಸೆರಗು ಸಿಕ್ಕಿಸಿಕೊಂಡು ಹೋಗಿ ಸೀರೆ ಗಾರ್ಡು ಹಿಡಿದೆ. "ಎಳೀರಿ" ಎಂದೆ.

"ಯಕ್ಕಾ, ಒಬ್ರೇ ಹತ್ಸಬೇಕು ಅಂತ ಅಲ್ವಾ ಮಾತು?"

"ಎಲ್ಲಿ ಒಬ್ರೇ ಹತ್ಸಿದ್ರು? ನಾಕು ವರ್ಷದಿಂದ ಹಿಂದೆ ನೂಕ್ತಿರಾಳು ನಾನು. ಮಾತು ಅವಾಗ್ಲೇ ಮುರಿದು ಬಿದ್ದೈತೆ. ನೀವು ಬರಾದು ಬಂದ್ರಿ, ನಾಕು ವರ್ಷ ತಡವಾಗಿ ಬಂದ್ರಿ."

ಪರಮೇಶಿ ಮೀಸೆ ಒರೆಸಿಕೊಂಡರು. ನಾನು ಯಜಮಾನರ ಮುಖ ನೋಡಲಿಲ್ಲ. ಗಂಡಸಿನ ರಟ್ಟೆಯ ಮಾತನ್ನು ಹೊರಗಿನವರ ಮುಂದೆ ಆಡಿದ್ದೆ.

"ಗೊತ್ತಿತ್ತು ಕಣೆ" ಎಂದರು ಅವರು. "ನೀನು ಕೈ ಇಟ್ಟ ತಕ್ಷಣ ಗಾಡಿ ಹಗುರಾಗ್ತಿತ್ತು. ನಂಗೇನು ಗೊತ್ತಾಗಲ್ವ?"

"ಮತ್ತೆ ರಟ್ಟೆ ಕಸುವು ಅಂತ ದಿನಾ ಹೇಳ್ತಿದ್ರಲ್ಲ?"

"ನಿಂದೇ ಅಂತ ಹೇಳ್ತಿದ್ದೆ."

ಮುದುಕ ಎಂದಾದರೂ ಸೋತು ಮಾತಾಡಿದ್ದುಂಟೆ? ಎಳೆದರು, ನೂಕಿದೆ. ನಡುವೆ ನನ್ನ ಚಪ್ಪಲಿ ಜಾರಿತು. ಆಗ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಪರಮೇಶಿಯವು. ಗಾಡಿ ಒಳಗೆ ಹೋಯಿತು. "ಯಕ್ಕಾ, ನಾನು ನೂಕಿದ್ದು ಯಾರಿಗೂ ಹೇಳಬ್ಯಾಡ್ರಿ" ಎಂದರು. ರೊಟ್ಟಿ ತಿಂದು, ಮುರಿದ ಎಂಜಿನ್ನಿನ ಸಾಮಾನು ಹೊಸದಾಗಿ ಕಡೆದುಕೊಡುವ ಲೇತಿನವರು ಯಾರಾದರೂ ಇದ್ದಾರಾ ಎಂದು ನಮ್ಮವರನ್ನು ಕೇಳಿಕೊಂಡು, ಎರಡು ಸಲ ಮೊಸರು ಹಾಕಿಸಿಕೊಂಡು ಹೋದರು.

ಮಾರನೆಯ ದಿನ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, "ಸ್ವಲ್ಪ ಸರಕೊಳ್ಳವ್ವ" ಎಂದು ಲಕ್ಷ್ಮಿಗೆ ಹೇಳಿದೆ. ಆಮೇಲೆ ಹಲಗೆ ಎತ್ತಿ, ಎರಡೂ ಕಡೆಯ ಇಟ್ಟಿಗೆಗಳನ್ನು ತೆಗೆದು ನೀರೊಲೆಯ ಮಗ್ಗುಲಿಗೆ ಹಾಕಿದೆ. ಏರು ಒಂದಿಷ್ಟು ತಗ್ಗಲಿ ಎಂದು ಹಲಗೆಯನ್ನು ಹೊಸ್ತಿಲಿನ ಮೇಲೇ ಇಟ್ಟೆ.