ರೇಷ್ಮೆಯಲ್ಲಿ ಸುತ್ತಿ ತಂದ ರ‍್ಯಾಮ್

ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ತಾನೇ ಬಿಡಿಸಿದ ನವಿಲಿನ ಸೆರಗಿನ ಸೀರೆ ಇವತ್ತು ಮಧ್ಯಾಹ್ನ ನಮ್ಮ ಮಗ್ಗದಿಂದ ಇಳಿಯಿತು! ಮೊಳಕಾಲ್ಮೂರಿನ ನಮ್ಮ ಬೀದಿಯವರೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೀರೆ ಇಡಲೆಂದು ಟ್ರಂಕು ತೆಗೆದರೆ ತಳದಲ್ಲಿ ಬೆಳ್ಳಿ ಬಣ್ಣದ ಪುಟ್ಟ ಚೀಲವೊಂದು ಕೈಗೆ ಸಿಕ್ಕಿತು. ಚಳ್ಳಕೆರೆಯ ಕಂಪ್ಯೂಟರ್ ಅಂಗಡಿಯವನು ಕಣ್ಣ ಮುಂದೆ ಬಂದು ನಿಂತ...

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ. ನನ್ನ ಮಗನ ವಯಸ್ಸು. ಹಳೆಯ ಕಂಪ್ಯೂಟರೊಂದನ್ನು ಸರಿಮಾಡಿ ಮೊಮ್ಮಗಳಿಗೆ ಕೊಟ್ಟವನು ಅವನೇ. ಅದು ಬಲು ನಿಧಾನ ಎಂದು ಅವಳು ಗೊಣಗಿದಾಗ ಮೆಮೊರಿ ಹೆಚ್ಚಿಸಲು ನಾನೇ ಹೋಗಿ ರ‍್ಯಾಮ್ ತಂದೆ. ಅವನು ಅದನ್ನು ಇಂಥದೇ ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ ಕೊಟ್ಟಿದ್ದ. ಇಂಥ ನಾಜೂಕಿನ ವಸ್ತುವಿಗೆ ಇದೆಂಥ ಚೀಲ ಎಂದು ಬಸ್ಸಿನಲ್ಲೇ ಹೊರತೆಗೆದು, ಒಂದು ರೇಷ್ಮೆ ತುಂಡಿನಲ್ಲಿ ಮೆತ್ತಗೆ ಸುತ್ತಿಕೊಂಡೆ. ನೇಕಾರರು ನಾವು, ಬೆಲೆಯುಳ್ಳದ್ದನ್ನು ರೇಷ್ಮೆಯಲ್ಲೇ ಸುತ್ತಿ ರೂಢಿ. ಮನೆಯಲ್ಲಿ ಹಾಕಿದರೆ ಕಂಪ್ಯೂಟರು ಏಳಲೇ ಇಲ್ಲ.

ಮರುದಿನ ಅಂಗಡಿಗೆ ಹೋಗಿ ದಬಾಯಿಸಿದೆ. “ಏನ್ ನಾಯನಾ, ಮುದುಕಿ ಅಂತ ಸತ್ತ ಮಾಲು ಕೊಟ್ಟೀಯಾ?”

ಅವನು ರೇಷ್ಮೆ ತುಂಡು ನೋಡಿ ನಗಲು ಶುರುಮಾಡಿದ. “ಅವ್ವಾ, ಸತ್ತಿರಲಿಲ್ಲ, ನೀವೇ ಸಾಯ್ಸಿದ್ದು! ರೇಷ್ಮೆ ಕೊಡವಿದ್ರೆ ಚಟ್ ಅಂತ ಕಿಡಿ ಬರ್ತೈತಲ್ಲ, ಇದಕ್ಕೆ ಅಷ್ಟು ಸಾಕು. ಅದನ್ನ ತಡೆಯೋಕೇ ಆ ಬೆಳ್ಳಿ ಚೀಲ.”

ಬೈಯಲಿಲ್ಲ. ಬೇರೆಯದನ್ನು ಚೀಲದಲ್ಲಿ ಹಾಕಿ ಕೊಟ್ಟ. ಗಿರಾಕಿಗಳು ಕಾಯುತ್ತಿದ್ದರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ. ಅಲ್ಲಿದ್ದ ನಮ್ಮದರಂಥದೇ ಕಂಪ್ಯೂಟರು ಏಳುವಾಗಲೇ ಒಂದು ಗುಂಡಿ ಒತ್ತಿ ನೀಲಿ ಪರದೆ ತೆರೆದು, ಇದಕ್ಕೆ ಬಯೋಸ್ ಅಂತಾರೆ ಎಂದ.

“ಮಗ್ಗದ ಹಣಿಗೆಗೆ ಎಷ್ಟು ಹಲ್ಲೋ ಅಷ್ಟೇ ಎಳೆ ಹಿಡಿಯೋದು, ಅಲ್ವೇನವ್ವಾ? ನಿಮ್ಮ ಕಂಪ್ಯೂಟರಿನ ಬೋರ್ಡಿಗೆ ನಾಲ್ಕು ಜಿಬಿನೇ ಗಡಿ. ಅದರ ಮೇಲೆ ಎಷ್ಟು ತಂದು ತುರುಕಿದ್ರೂ ದಂಡ. ನಾಲ್ಕು ಹಾಕಿದ ಮೇಲೂ ಕಮ್ಮಿ ತೋರಿಸಿದ್ರೆ ಗಾಬರಿ ಬ್ಯಾಡ, ಇಲ್ಲಿ ಬಂದು ಮೆಮೊರಿ ಸೆಟ್ಟಿಂಗ್ ನೋಡ್ರಿ.”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಹಣಿಗೆಯ ಮಾತು ಮನಸ್ಸಿನಲ್ಲಿ ಕೂತಿತು.

ಹೋದ ತಿಂಗಳು ಮೊಮ್ಮಗಳ ನವಿಲು ಎಷ್ಟು ದೊಡ್ಡದಾಯಿತೆಂದರೆ, ತೆರೆಯಹೋದರೆ ಕಂಪ್ಯೂಟರು ಅಲ್ಲೇ ಕಲ್ಲಾಗುತ್ತಿತ್ತು. ಮಗ್ಗಕ್ಕೆ ಹಾಸಿನ ಎಳೆ ಏರಿಸಿಯಾಗಿತ್ತು. “ಈ ವಾರ ಡಿಸೈನು ಕೊಡದಿದ್ರೆ ಹಳೇ ಮಾವಿನಕಾಯಿ ಸೆರಗೇ ನೇಯ್ತೀನಿ” ಎಂದುಬಿಟ್ಟ ನನ್ನ ಮಗ. ಅವಳು ಆನ್‌ಲೈನಿನಲ್ಲಿ ಇನ್ನೊಂದು ರ‍್ಯಾಮ್ ತರಿಸಿ ನಾಲ್ಕು ಜಿಬಿ ತುಂಬಿಸಿದಳು. ತೋರಿಸಿದ್ದು ಮೂರು ಚಿಲ್ಲರೆ. ನವಿಲು ತೆರೆಯಲಿಲ್ಲ.

“ಬಿಡಜ್ಜಿ, ಈ ಡಬ್ಬದ ಕಥೆ ಮುಗೀತು” ಎಂದು ಕಣ್ಣು ಒರೆಸಿಕೊಂಡಳು.

ಅವನನ್ನೇ ಕೇಳೋಣವೆಂದು ಫೋನು ಮಾಡಿಸಿದೆ. ಎತ್ತಿದ್ದು ಅವನ ಹೆಂಡತಿ. “ಅವರು ತೀರಿಹೋಗಿ ವರ್ಷ ಆಯ್ತಲ್ಲವ್ವಾ” ಎಂದಳು. ಫೋನು ಕೆಳಗಿಟ್ಟೆ. ಆಗಲೇ, ಕಮ್ಮಿ ತೋರಿಸಿದ್ರೆ ಗಾಬರಿ ಬ್ಯಾಡ ಎಂದಿದ್ದ ಅವನ ಮಾತು ನೆನಪಾಯಿತು.

“ಬಯೋಸ್ ತೆಗಿಯೇ” ಎಂದೆ. “ಅಲ್ಲಿ ಮೆಮೊರಿ ಸೆಟ್ಟಿಂಗ್ ನೋಡು.”

ಹುಡುಕಿದಳು. ಮೆಮೊರಿ ರೀಮ್ಯಾಪ್ ಎಂಬುದೊಂದು ಮುಚ್ಚಿಕೊಂಡಿತ್ತಂತೆ. ಅದನ್ನು ತೆರೆದು ಮತ್ತೆ ಶುರುಮಾಡಿದಳು. ನಾಲ್ಕೂ ಕಂಡಿತು! ನವಿಲು ನಿಧಾನಕ್ಕೆ ಒಂದೊಂದೇ ಗರಿ ಬಿಚ್ಚುತ್ತಾ ಪರದೆ ತುಂಬ ಹರಡಿತು.

ಇವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಶೇಂಗಾ ಹೋಳಿಗೆ, ತುಪ್ಪ. ಮಗ ಸೀರೆಯನ್ನು ಕೊಡವಿ ನನ್ನ ಹೆಗಲ ಮೇಲೆ ಹೊದಿಸಿದ. ಚಟ್ ಎಂದಿತು.

“ಅಜ್ಜೀ, ಕಂಪ್ಯೂಟರ್ ಕಡೆ ಮಾತ್ರ ಹೋಗ್ಬ್ಯಾಡ!” ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಸೀರೆಯನ್ನು ಅವನ ಅಂಗಡಿಗೆ ಒಯ್ದು ತೋರಿಸಬೇಕಿತ್ತು... ನಗುತ್ತಲೇ ಕಣ್ಣು ತುಂಬಿತು. ಸೊಸೆ ನೋಡಿಯೂ ನೋಡದವಳಂತೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.