ಒಂದು ಸಾಲಿನ ರಿಪೇರಿ

ನೌಪಾಡಾದ ಉಡುಪಿ ಹೋಟೆಲೊಂದರಲ್ಲಿ ಆರ್ಡರ್ ತೆಗೆದುಕೊಳ್ಳುವ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಗಿರಾಕಿ ‘ಜೈನ್ ಸಾಂಬಾರ್’ ಅಂದರೂ ಅಡುಗೆಮನೆಯ ಚೀಟಿಯಲ್ಲಿ ಬರೀ ‘ಸಾಂಬಾರ್’ ಅಂತ ಬರತೊಡಗಿತ್ತು. ನೀರುಳ್ಳಿ ಮುಟ್ಟದವರ ತಟ್ಟೆಗೆ ನೀರುಳ್ಳಿ ಹೋಗಿ, ಮಾಲೀಕರು ಬೆಳಿಗ್ಗೆಯಿಂದ ಬೈಸಿಕೊಳ್ಳುತ್ತಿದ್ದರು.

“ಮಧ್ಯಾಹ್ನದ ರಶ್ಶಿಗೆ ಮೊದಲು ಸರಿ ಮಾಡಿ ಕೊಡಿ ಮಾರಾಯ್ರೆ” ಎಂದು ಅವರ ಫೋನು.

ತಪ್ಪಿದ್ದದ್ದು ಒಂದೇ ಸಾಲಿನಲ್ಲಿ. ತಿದ್ದಿ ಕಳಿಸಿದೆ. ಕೋಡಿನ ಶಿಸ್ತು ನೋಡುವ ಪ್ರೋಗ್ರಾಂ ತಡೆಯಿತು: ಆ ಫೈಲಿನ ಹಳೆಯ ಸಾಲುಗಳ ಎಡ ಅಂಚು ಸರಿಯಿಲ್ಲವಂತೆ. ಅದನ್ನೂ ನೇರ ಮಾಡಿ ಕಳಿಸಿದರೆ, ಒಪ್ಪಿಗೆ ಕೊಡಬೇಕಾದ ಸಹೋದ್ಯೋಗಿ ನಿಖಿಲ್ ತಡೆದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ದೀದಿ, ಬಗ್ ಅಲಗ್, ಸ್ಟೈಲ್ ಅಲಗ್. ರೂಲ್ ಹೈ.”

“ತಪ್ಪಿನ ರಿಪೇರಿ ಬೇರೆ, ಅಂಚಿನ ರಿಪೇರಿ ಬೇರೆ ಕಳಿಸಬೇಕಾ? ಅಂಚು ಮುಟ್ಟದಿದ್ದರೆ ಪ್ರೋಗ್ರಾಂ ಬಿಡೋದಿಲ್ವಲ್ಲೋ!”

“ವೋ ಭೀ ರೂಲ್ ಹೈ.”

ಮೊದಲು ಅಂಚನ್ನಷ್ಟೇ ಬೇರೆಯಾಗಿ ಕಳಿಸಿ, ಅದಕ್ಕೆ ಮ್ಯಾನೇಜರರ ಒಪ್ಪಿಗೆಯೂ ಬೇಕಾದ್ದರಿಂದ ಕಾಯುತ್ತ ಕೂತೆ. ಅವರು ಮೀಟಿಂಗಿನಲ್ಲಿದ್ದರು. ಅಷ್ಟರಲ್ಲಿ ಹೋಟೆಲಿನಿಂದ ಮತ್ತೆ ಫೋನು.

“ಬಿಡಿ ಮೇಡಂ. ಇವತ್ತು ಎಲ್ಲರಿಗೂ ನೀರುಳ್ಳಿ ಹಾಕದ ಸಾಂಬಾರೇ ಮಾಡಿಸಿದೆ.”

ನನ್ನ ಒಂದು ಸಾಲಿಗೆ ಒಪ್ಪಿಗೆ ಸಿಕ್ಕಿದ್ದು ಸಂಜೆ, ಹೋಟೆಲಿನಲ್ಲಿ ಪಾತ್ರೆ ತೊಳೆದಾದ ಮೇಲೆ. ಜೊತೆಗೆ ನಿಖಿಲನ ಮೆಚ್ಚುಗೆಯೂ ಬಂತು: ಫೈಲು ಈಗ ನೋಡಲು ಬಹಳ ಚೆಂದವಿದೆಯಂತೆ.