ಸರೋವರ ಸುಮ್ಮನಾದ ದಿನ

ಚಳಿಗಾಲ ಬಂತೆಂದರೆ ನಮ್ಮ ಸರೋವರಕ್ಕೆ ದನಿ ಬರುತ್ತದೆ. ಮಂಜುಗಡ್ಡೆ ಬಿಗಿಯುತ್ತ, ಬಿರಿಯುತ್ತ, ದೂರದಲ್ಲಿ ಯಾರೋ ಭಾರೀ ತಂತಿ ಮೀಟಿದ ಹಾಗೆ ಗುಂಯ್‌ಗುಡುತ್ತದೆ. ದಡದ ಸಂಶೋಧನಾ ಕೇಂದ್ರದಲ್ಲಿ ಲೆಂಪಿ ಹಾಟಾಯಾ ಇಪ್ಪತ್ತೊಂಬತ್ತು ವರ್ಷ ಆ ದನಿಯನ್ನು ಮುದ್ರಿಸಿಟ್ಟವಳು. ಕೇಳಿ ಕೇಳಿ, ಕೆಲವು ಸಲ ನಡುಹಗಲಲ್ಲಿ ಯಾರಾದರೂ ಕರೆದರೆ ಅವಳು ನೀರಿನಡಿ ಇದ್ದವಳಂತೆ ನಿಧಾನವಾಗಿ ತಿರುಗಿ ನೋಡುತ್ತಿದ್ದಳು.

"ಮಂಜು ಒಡೆಯೋಕೆ ಮುಂಚೆ ಸರೋವರ ಸುಮ್ಮನಾಗುತ್ತೆ" ಎಂದು ಅವಳು ಹೇಳಿದಾಗಲೆಲ್ಲ ನಾವು ನಗುತ್ತಿದ್ದೆವು.

ನಗದಿದ್ದವನು ಸಹೋದ್ಯೋಗಿ ಡೆಸ್ಮಂಡ್. ಲೆಕ್ಕ ಹಾಕಿಯೇ ನೋಡೋಣ ಎಂದ. ಅವನ ಕಂಪ್ಯೂಟರ್ ಭಾಷೆ ಪೈಥಾನ್, ಅವಳಿಗೆ ಗೊತ್ತಿದ್ದುದು 'ಆರ್' ಎಂಬ ಭಾಷೆಯೊಂದೇ.

"ಈ ವಯಸ್ಸಲ್ಲಿ ಇನ್ನೊಂದು ಭಾಷೆ ಕಲಿ ಅಂದ್ರೆ ಸರೋವರಕ್ಕೆ ಹಾರ್ತೀನಿ!"

"ಹಾರ್ಬೇಡಿ ಲೆಂಪಿ, ನೀರು ಕಲ್ಲಾಗಿದೆ. ಒಂದೇ ನೋಟ್‌ಬುಕ್‌ನಲ್ಲಿ ನಿಮ್ಮ ಭಾಷೆ ನಿಮಗೆ, ನನ್ನದು ನನಗೆ."

ಆ ನೋಟ್‌ಬುಕ್ ಪರದೆಯ ಮೇಲಿನ ಉದ್ದನೆಯ ಪುಟ, ಚೌಕ ಚೌಕವಾಗಿ. ಒಂದು ಚೌಕದಲ್ಲಿ ಅವನ ಪೈಥಾನ್ ದನಿಯನ್ನು ಅಂಕಿಗಳಾಗಿ ಬಿಡಿಸಿತು. ಕೆಳಗಿನದರಲ್ಲಿ ಅವಳ ಆರ್ ಆ ಅಂಕಿಗಳನ್ನೆತ್ತಿಕೊಂಡು ದನಿಯ ಏರಿಳಿತದ ಗೆರೆ ಎಳೆಯಿತು. ನಡುನಡುವೆ ಅವಳು ಸಾದಾ ಮಾತಿನಲ್ಲಿ ಬರೆದಳು: 'ಇಂದು ತಿಮಿಂಗಿಲ ನಿಟ್ಟುಸಿರಿಟ್ಟಂತೆ.'

ಮೊದಲ ಚಿತ್ರ ಗೋಜಲು ಗೋಜಲು.

"ಮೇಲಿನ ಚೌಕ ತಿದ್ದಿ, ಕೆಳಗಿಂದು ಓಡಿಸೇ ಇಲ್ವಲ್ಲ! ಎಲ್ಲ ಚೌಕಗಳ ಲೆಕ್ಕಾನೂ ಮೊದಲಿಂದ ಓಡಿಸಿ" ಎಂದ ಡೆಸ್ಮಂಡ್.

ಓಡಿಸಿದಳು. ಇಪ್ಪತ್ತೊಂಬತ್ತು ಚಳಿಗಾಲಗಳು ನೀಲಿ ಗೆರೆಗಳಾಗಿ ಹರಿದವು. ಮಂಜು ಒಡೆಯುವುದಕ್ಕೆ ಒಂದು ವಾರ ಮುಂಚೆ ಪ್ರತಿ ಗೆರೆಯೂ ಮೆಲ್ಲಗೆ ತಗ್ಗಿತ್ತು. ಲೆಂಪಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ತಗ್ಗನ್ನು ಎಣಿಸಿದಳು.

ಆ ಮಾರ್ಚ್‌ನಲ್ಲಿ ಆ ವರ್ಷದ ಹೊಸ ಗೆರೆಯೂ ತಗ್ಗಿತು. ಅವಳು ಮಂಜಿನ ಮೇಲೆ ನಡೆದು, ಅಲ್ಲೇ ಜಾರುಪಟ್ಟಿಯ ಮೇಲೆ ನಿಲ್ಲಿಸಿದ ಪುಟ್ಟ ಗುಡಿಸಲಲ್ಲಿ ಮಂಜಿನ ತೂತಿಗೆ ಮೀನಿನ ಗಾಳ ಬಿಟ್ಟು ಕೂತಿದ್ದ ಚಿಕ್ಕಪ್ಪನ ಮಗ ಆರ್ವೋನ ಬಳಿ ಹೋದಳು.

"ಗುಡಿಸಲು ದಡಕ್ಕೆ ಎಳ್ಕೊಳೋ."

"ಏನೇ, ಸರೋವರ ನಿನ್ ಕಿವೀಲಿ ಗುಟ್ಟು ಹೇಳ್ತಾ?"

"ಹೇಳೋದು ನಿಲ್ಲಿಸ್ತು. ಅದಕ್ಕೇ ಬಂದೆ."

ಆರ್ವೋ ಗೊಣಗಿದ, ಆದರೂ ಎಳೆದ. ಅವನನ್ನು ನೋಡಿ ಉಳಿದ ಮೀನುಗಾರರೂ ತಮ್ಮ ಗುಡಿಸಲು ಎಳೆದರು. ಎಂಟನೆಯ ದಿನ ತೆಂಕಣ ಗಾಳಿ ಬೀಸಿ, ಮಂಜು ಹೋಳುಹೋಳಾಗಿ ತೇಲಿಹೋಯಿತು. ಅದರ ಮೇಲೆ ಯಾರೂ ಇರಲಿಲ್ಲ.

ಮರುದಿನ ಆರ್ವೋ ಹೊಗೆಗಿಟ್ಟ ಮೀನು ತಂದು ಕೇಂದ್ರದ ಬಾಗಿಲಲ್ಲಿ ನಿಂತ. "ನಂಗೂ ಒಂಚೂರು ಕೇಳಿಸೇ" ಎಂದ. ಲೆಂಪಿ ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಸರೋವರದ ದನಿ ಕೇಳಿಸುವ ಚೌಕವೊಂದನ್ನು ಓಡಿಸಿದಳು. ಸ್ವಲ್ಪ ಹೊತ್ತಿಗೆ ಅವನು ಕುರ್ಚಿಯಲ್ಲೇ ನಿದ್ದೆಹೋದ. ಅವಳು ಎಬ್ಬಿಸಲಿಲ್ಲ.